ನಿಮ್ಮ ಆಫ್‌ರೋಡ್ ಗಾಡಿಗೆ ವಿಂಚ್ ಬೇಕಾ? ಹಾಕಿಸುವ ಮೊದಲು ಮಾಡಬೇಕಾದ ಲೆಕ್ಕ

ವಿಂಚ್ ಅಂದರೆ ಹೂತ ಗಾಡಿಯನ್ನು ಎಳೆದು ತೆಗೆಯಲು ಬಂಪರ್ ಮೇಲೆ ಕೂರಿಸುವ, ಡ್ರಮ್ಮಿಗೆ ಕೇಬಲ್ ಸುತ್ತಿದ ಮೋಟರ್. ಅದನ್ನು ಹಾಕಿಸಿ ಇನ್ನೂ ತಿಂಗಳಾಗಿರಲಿಲ್ಲ. ನನ್ನ ಗಾಡಿ ಒಂದು ಬತ್ತಿದ ಕೆರೆಯಂಗಳದಲ್ಲಿ ಹೂತುಹೋಯಿತು. ಮೇಲೆ ನೋಡಿದರೆ ಬಿರುಕು ಬಿಟ್ಟ ಒಣ ನೆಲ, ಕೆಳಗೆ ಮೊಣಕಾಲುದ್ದ ಕೆಸರು. ಬಂಪರ್ ಮೇಲೆ ಹೊಸ ವಿಂಚ್ ಮಿರಮಿರ ಮಿಂಚುತ್ತಿತ್ತು. ಖುಷಿಯಿಂದಲೇ ಇಳಿದು ಕೇಬಲ್ ಬಿಚ್ಚಿದೆ. ಇಪ್ಪತ್ತೈದು ಮೀಟರ್ ಎಳೆದುಕೊಂಡು ಹೋದ ಮೇಲೆ ಗೊತ್ತಾಯಿತು, ಕಟ್ಟೋಕೆ ಏನೂ ಇಲ್ಲ. ಮುಂದೆಲ್ಲ ಬಟ್ಟಬಯಲು. ಮರಗಳು ಇದ್ದದ್ದು ಹಿಂದೆ, ನಾನು ಬಂದ ದಡದಲ್ಲಿ. ವಿಂಚ್ ಇದ್ದದ್ದು ಮುಂದೆ.

ಕೊನೆಗೆ ಸಲಿಕೆ ಹಿಡಿದು ಅಗೆದೆ, ಟಯರ್ ಗಾಳಿ ಇಳಿಸಿದೆ, ದಡದಿಂದ ಒಣ ರೆಂಬೆ ಹೊತ್ತು ತಂದು ಚಕ್ರದಡಿ ಹಾಸಿದೆ. ಮೂರು ಗಂಟೆ ಆದಮೇಲೆ ಗಾಡಿ ಹಿಮ್ಮುಖವಾಗಿ ಹೊರಬಂತು.

ಈಗ ಯಾರಾದರೂ "ಯಾವ ವಿಂಚ್ ತಗೊಳ್ಳಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಗಾಡಿ ಸಾಮಾನ್ಯವಾಗಿ ಹೇಗೆ ಸಿಕ್ಕಿಕೊಳ್ಳುತ್ತದೆ? ಇದಕ್ಕೆ ಉತ್ತರ ಇಲ್ಲದೆ ಕೊಂಡ ವಿಂಚ್ ಮೂತಿಯ ಮೇಲೆ ಹೊತ್ತು ತಿರುಗುವ ನಲವತ್ತು ಕೆ.ಜಿ. ಅಲಂಕಾರ, ಅಷ್ಟೇ. ಆ ಉತ್ತರವನ್ನು ಹೇಗೆ ಹುಡುಕಿಕೊಳ್ಳಬೇಕು, ಆಮೇಲೆ ಯಾವ ಸಾಮಾನು ಯಾವ ಕ್ರಮದಲ್ಲಿ ತಗೋಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಸಿಕ್ಕಿಬಿದ್ದ ಲೆಕ್ಕ ಬರೆಯಿರಿ

ಒಂದು ಹಾಳೆ ತಗೊಳ್ಳಿ. ನಿಮ್ಮ ಗಾಡಿಯೋ, ನಿಮ್ಮ ಜೊತೆ ಬಂದವರ ಗಾಡಿಯೋ ಸಿಕ್ಕಿಬಿದ್ದ ಐದಾರು ಸಲ ನೆನಪು ಮಾಡಿಕೊಳ್ಳಿ. ಒಂದೊಂದಕ್ಕೂ ನಾಲ್ಕು ವಿಷಯ ಬರೆಯಿರಿ.

ಮೊದಲನೆಯದು, ಹಿಡಿದಿಟ್ಟದ್ದು ಏನು? ಚಕ್ರ ಬರೀ ಜಾರಿ ಸುತ್ತುತ್ತಿತ್ತಾ, ಗಾಡಿ ಉಬ್ಬಿನ ಮೇಲೆ ಹೊಟ್ಟೆ ಊರಿ ಕೂತಿತ್ತಾ, ಏರು ಹತ್ತದೆ ನಿಂತಿತ್ತಾ, ಇಲ್ಲಾ ಕೆಸರು ಹೀರಿಕೊಂಡಿತ್ತಾ? ಎರಡನೆಯದು, ಗಾಡಿ ಯಾವ ದಿಕ್ಕಿಗೆ ಹೊರಬಂತು? ಮೂರನೆಯದು, ಜೊತೆಗೆ ಇನ್ನೊಂದು ಗಾಡಿ ಇತ್ತಾ? ನಾಲ್ಕನೆಯದು, ಕೇಬಲ್ ಮುಟ್ಟುವಷ್ಟು ದೂರದಲ್ಲಿ ಗಟ್ಟಿ ಮರವೋ ಬಂಡೆಯೋ ಇತ್ತಾ?

ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಸಿಕ್ಕಿಬಿದ್ದ ಗಾಡಿಗೆ ಬಹಳ ಸಲ ಸುಲಭದ ದಾರಿ ಎಂದರೆ ಬಂದ ದಾರಿಯೇ. ಆ ನೆಲ ಈಗಾಗಲೇ ನಿಮ್ಮ ಭಾರ ತಡೆದಿದೆ, ಚಕ್ರದ ಜಾಡೂ ಬಿದ್ದಿದೆ. ಮುಂದಿನ ವಿಂಚ್ ಎಳೆಯುವುದು ಮುಂದಕ್ಕೆ, ಅಂದರೆ ಯಾವುದು ನಿಮ್ಮನ್ನು ನಿಲ್ಲಿಸಿತೋ ಅದರೊಳಕ್ಕೆ. ರಾಟೆ ಹಾಕಿ ಕೇಬಲನ್ನು ಸುತ್ತಿಸಿ ಹಿಂದಕ್ಕೂ ಎಳೆಯಬಹುದು ನಿಜ. ಆದರೆ ಅದಕ್ಕೆ ಕೇಬಲ್ ಉದ್ದ ಬೇಕು, ಅನುಭವ ಬೇಕು, ಜಾಗ ಬೇಕು.

ಪಟ್ಟಿಯಲ್ಲಿ "ಚಕ್ರ ಜಾರಿತು, ಹಿಂದಕ್ಕೆ ಬಂದೆ" ಅನ್ನುವುದೇ ಜಾಸ್ತಿ ಇದ್ದರೆ ನಿಮಗೆ ವಿಂಚ್ ಬೇಕಾಗಿಲ್ಲ. "ಒಬ್ಬನೇ ಇದ್ದೆ, ಕಾಡಿನ ಏರು, ಮುಂದೆ ಹೋಗಲೇಬೇಕಿತ್ತು" ಅನ್ನುವುದು ಎರಡು ಮೂರು ಸಲ ಬಂದಿದ್ದರೆ ವಿಂಚ್ ಬಗ್ಗೆ ಯೋಚಿಸುವುದರಲ್ಲಿ ಅರ್ಥ ಇದೆ.

ಹೆಜ್ಜೆ 2: ಎಷ್ಟು ಬಲ ಬೇಕು ಅಂತ ಲೆಕ್ಕ ಹಾಕಿ

ಪುಸ್ತಕದಲ್ಲಿ ಬರೆದ ತೂಕ ನಂಬಬೇಡಿ. ಪ್ರವಾಸಕ್ಕೆ ಹೊರಟಾಗ ಹೇಗಿರುತ್ತದೋ ಹಾಗೇ, ಜನ, ಸಾಮಾನು, ತುಂಬಿದ ಟ್ಯಾಂಕ್ ಸಮೇತ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ಹತ್ತಿಸಿ. 2,500 ಕೆ.ಜಿ. ಬಂತು ಅಂತ ಇಟ್ಟುಕೊಳ್ಳೋಣ.

ಸೇನೆಯ ರಿಕವರಿ (ಸಿಕ್ಕಿಬಿದ್ದ ಗಾಡಿ ಹೊರತೆಗೆಯುವ) ಕೈಪಿಡಿಗಳಲ್ಲಿ ಕೆಸರಿಗೆ ಒಂದು ಸರಳ ಅಂದಾಜು ಇದೆ. ಚಕ್ರದ ನಡುವಿನ ಹಬ್‌ವರೆಗೆ ಹೂತಿದ್ದರೆ ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್‌ವರೆಗೆ ಹೋಗಿದ್ದರೆ ಎರಡು ಪಟ್ಟು, ಅದಕ್ಕೂ ಮೇಲೆ ಹೋದರೆ ಮೂರು ಪಟ್ಟು. ಇಳಿಜಾರಿದ್ದರೆ ಅದರ ಪಾಲು ಬೇರೆ: 15 ಡಿಗ್ರಿ ಏರಿಗೆ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, 30 ಡಿಗ್ರಿಗೆ ಸರಿಯಾಗಿ ಅರ್ಧ.

ನಮ್ಮ 2,500 ಕೆ.ಜಿ. ಗಾಡಿ 15 ಡಿಗ್ರಿ ಏರಿನಲ್ಲಿ ಹಬ್‌ವರೆಗೆ ಹೂತಿದೆ ಅನ್ನಿ. ಕೆಸರಿಗೆ 2,500, ಏರಿಗೆ ಸುಮಾರು 650. ಒಟ್ಟು 3,150 ಕೆ.ಜಿ. ಬಲ. ಅಂಗಡಿಯವರು ತೋರಿಸುವ 9,500 ಪೌಂಡ್ ವಿಂಚ್ ಅಂದರೆ ಸುಮಾರು 4,300 ಕೆ.ಜಿ. ಧಾರಾಳವಾಗಿ ಸಾಕು ಅಂತ ಅನಿಸುತ್ತದೆ, ಅಲ್ವಾ?

ಸಾಲದೇ ಇರಬಹುದು. ವಿಂಚ್ ಮೇಲೆ ಬರೆದ ಬಲ ಡ್ರಮ್ಮಿನ ಮೊದಲ ಪದರದ್ದು. ಅಂದರೆ ಕೇಬಲ್ ಹೆಚ್ಚುಕಮ್ಮಿ ಪೂರ್ತಿ ಬಿಚ್ಚಿಕೊಂಡು, ಡ್ರಮ್ ಮೇಲೆ ಒಂದೇ ಸಾಲು ಉಳಿದಾಗಿನದು. ಪದರ ಏರಿದಂತೆ ಡ್ರಮ್ ದಪ್ಪವಾಗುತ್ತದೆ, ಎಳೆತ ಕಮ್ಮಿಯಾಗುತ್ತದೆ. ಒಂದೊಂದು ಪದರಕ್ಕೆ ಸುಮಾರು ಶೇ. 10ರಿಂದ 15ರಷ್ಟು ಹೋಗುತ್ತದೆ. ನಾಲ್ಕನೇ ಪದರಕ್ಕೆ ಬರುವ ಹೊತ್ತಿಗೆ ನಮ್ಮ 4,300 ಇಳಿದು 2,800ರ ಆಸುಪಾಸಿಗೆ ಬಂದಿರುತ್ತದೆ. ಬೇಕಾದದ್ದು 3,150. ಐದು ಮೀಟರ್ ದೂರದ ಮರಕ್ಕೆ ಕಟ್ಟಿ "ವಿಂಚ್ ಎಳೀತಾನೇ ಇಲ್ಲ" ಅಂತ ಬೈಯುವವರು ಇಲ್ಲೇ ಸಿಕ್ಕಿಬೀಳುವುದು. ದೂರದ ಮರ ಹುಡುಕಿ, ಇಲ್ಲಾ ರಾಟೆ ಹಾಕಿ. ರಾಟೆಯ ವಿಷಯ ಮುಂದೆ ಹೇಳುತ್ತೇನೆ.

ಸಲಿಕೆಯ ಬೆಲೆ ತಿಳಿಯುವುದೂ ಈ ಲೆಕ್ಕದಲ್ಲೇ. ಚಕ್ರದ ಮುಂದಿನ ಕೆಸರು ತೆಗೆದು, ಹೊಟ್ಟೆಯಡಿಯ ಮಣ್ಣು ಕೆರೆದರೆ ಬೇಕಾದ ಬಲವೇ ಇಳಿಯುತ್ತದೆ. ಹತ್ತು ನಿಮಿಷ ಅಗೆದವನು ಸಣ್ಣ ವಿಂಚ್‌ನಲ್ಲೂ ಪಾರಾಗುತ್ತಾನೆ.

ಹೆಜ್ಜೆ 3: ಗಾಡಿಯಲ್ಲಿ ಕಟ್ಟುವ ಜಾಗ ಎಲ್ಲಿದೆ ನೋಡಿ

ಬೇರೇನೂ ಕೊಳ್ಳದಿದ್ದರೂ ಪರವಾಗಿಲ್ಲ, ಇದನ್ನು ಬಿಡಬೇಡಿ. ಗಾಡಿಯ ಕೆಳಗೆ ತೂರಿ ಮುಂದೆ, ಹಿಂದೆ ಎರಡೂ ಕಡೆ ನೋಡಿ. ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ, ಎಷ್ಟು ಬಲ ತಡೆಯುತ್ತದೆ ಅಂತ ಬರೆದಿರುವ ರಿಕವರಿ ಪಾಯಿಂಟ್ ಇದೆಯಾ? ಬರೀ ತಗಡಿನ ಸಣ್ಣ ಕೊಂಡಿ ಇದ್ದರೆ ಅದು ಹಡಗಿನಲ್ಲೋ ಲಾರಿಯಲ್ಲೋ ಗಾಡಿಯನ್ನು ಬಿಗಿದು ಸಾಗಿಸಲು ಇಟ್ಟದ್ದು. ಹೂತ ಗಾಡಿ ಎಳೆಯೋಕಲ್ಲ.

ಇನ್ನು ಟ್ರೇಲರ್ ಸಿಕ್ಕಿಸುವ ಟೋ ಬಾಲ್. ಅದಕ್ಕೆ ಯಾವತ್ತೂ ಹಗ್ಗ ಹಾಕಬೇಡಿ. ಜಗ್ಗಿದ ಹಗ್ಗದಲ್ಲಿ ಬಾಲ್ ಮುರಿದರೆ ಅದು ಫಿರಂಗಿ ಗುಂಡು. ಗಾಜು ಒಡೆದುಕೊಂಡು ಒಳಗೆ ಬಂದು ಜನ ಸತ್ತಿದ್ದಾರೆ. "ಒಂದು ಸಲ ಅಷ್ಟೇ, ಮೆಲ್ಲಗೆ ಎಳೀತೀನಿ" ಅನ್ನುವವರಿಗೂ ಬೇಡ ಅನ್ನಿ.

ಹಿಂದೆ ಟೋ ಹಿಚ್‌ನ ಚೌಕದ ರಿಸೀವರ್ (ಟ್ರೇಲರ್ ಕೊಂಡಿ ತೂರಿಸುವ ಕೊಳವೆ) ಇದ್ದರೆ ಅದಕ್ಕೆಂದೇ ಮಾಡಿದ, ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಕೊಂಡಿ) ಸಿಕ್ಕಿಸುವ ಬ್ಲಾಕ್ ಸಿಗುತ್ತದೆ. ಹಿಂದಿನ ಪಾಯಿಂಟ್ ಸಿದ್ಧ.

ಹೆಜ್ಜೆ 4: ವಿಂಚ್‌ಗಿಂತ ಮೊದಲು ಬರಬೇಕಾದವು

ಗಾಳಿಯಿಂದಲೇ ಶುರು. ಒಳ್ಳೆಯ ಪ್ರೆಷರ್ ಗೇಜು, ಗಾಳಿ ಬಿಡುವ ಸಾಧನ, ಮತ್ತೆ ತುಂಬಲು 12 ವೋಲ್ಟ್ ಕಂಪ್ರೆಸರ್. ಈ ಮೂರು ಇಲ್ಲದೆ ಹೊರಡಬೇಡಿ.

ಟಯರ್ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಒಮ್ಮೆ ನೋಡಿ. ಡಾಂಬರು ರಸ್ತೆಯ 32–35 ಪಿಎಸ್‌ಐ ಇರುವಾಗ ಟಯರ್ ನೆಲಕ್ಕೆ ತಾಗುವುದು ಅಂಗೈಯಷ್ಟು ಉದ್ದ. ಸೂ ಅಂತ ಗಾಳಿ ಬಿಡುತ್ತಾ ಹೋದಂತೆ ಕೆಳಗೆ ಟಯರ್ ಚಪ್ಪಟೆಯಾಗಿ ಮುಂದಕ್ಕೂ ಹಿಂದಕ್ಕೂ ಚಾಚಿಕೊಳ್ಳುತ್ತದೆ. ಅಗಲ ಆಗುವುದಕ್ಕಿಂತ ಉದ್ದ ಆಗುವುದೇ ಜಾಸ್ತಿ, ಟ್ಯಾಂಕಿನ ಪಟ್ಟಿಯ ಹಾಗೆ. ಅದೇ ಭಾರ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ, ಚಕ್ರ ಹೂಳುವುದರ ಬದಲು ತೇಲುತ್ತದೆ. ಮರಳಿಗೆ 15–18, ಕೆಸರಿಗೆ 20ರ ಸುತ್ತ, ಜಲ್ಲಿಕಲ್ಲಿನ ದಾರಿಗೆ 25 ಅಂತ ಶುರು ಮಾಡಿ, ಗಾಡಿಯ ಭಾರ ನೋಡಿಕೊಂಡು ಬದಲಿಸಿ. ತೀರಾ ಕೆಳಗೆ ಹೋದರೆ ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು, ಗಟ್ಟಿ ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಬೇಕು.

ಮರಳಿನಲ್ಲಿ ಸಿಕ್ಕಿಬಿದ್ದ ಗಾಡಿಗಳಲ್ಲಿ ಅರ್ಧಕ್ಕರ್ಧ ಇಷ್ಟರಲ್ಲೇ ಹೊರಬರುತ್ತವೆ ಅನ್ನುವುದು ನನ್ನ ಅನುಭವ. ಹೊರಬರದೇ ಇದ್ದವರು ಸಾಮಾನ್ಯವಾಗಿ ಆಕ್ಸಿಲರೇಟರ್ ಒತ್ತಿ ಒತ್ತಿ ಗಾಡಿಯನ್ನು ಆಕ್ಸಲ್‌ವರೆಗೆ ಇಳಿಸಿದವರು. ಚಕ್ರ ಒಂದು ಸುತ್ತು ಸುಮ್ನೆ ತಿರುಗಿತು ಅಂದರೆ ಕಾಲು ತೆಗೆಯಿರಿ, ಇಳಿದು ನೋಡಿ.

ಆಮೇಲೆ ಸಲಿಕೆ. ಉದ್ದ ಹಿಡಿಯದ್ದು ತಗೊಳ್ಳಿ, ಗಾಡಿಯ ಕೆಳಗೆ ಕೈಗೆ ಸಿಗದ ಜಾಗ ಮುಟ್ಟಬೇಕು. ಮಡಚುವ ಪುಟಾಣಿ ಸಲಿಕೆ ಡಿಕ್ಕಿಯಲ್ಲಿ ಚೆನ್ನಾಗಿ ಕೂರುತ್ತದೆ, ಕೆಸರಿನಲ್ಲಿ ಬೆನ್ನು ಮುರಿಯುತ್ತದೆ.

ಆಮೇಲೆ ಟ್ರ್ಯಾಕ್ಷನ್ ಬೋರ್ಡ್, ಅಂದರೆ ಚಕ್ರಕ್ಕೆ ಹಿಡಿತ ಕೊಡುವ ಹಲ್ಲುಗಳಿರುವ ಹಲಗೆ. ಒಬ್ಬರೇ ಓಡಾಡುವವರಿಗೆ ನನ್ನ ಮೊದಲ ಶಿಫಾರಸು ಇದೇ. ಕಟ್ಟಲು ಮರ ಬೇಕಿಲ್ಲ, ಇನ್ನೊಂದು ಗಾಡಿ ಬೇಕಿಲ್ಲ, ಮುಂದಕ್ಕೂ ಆಗುತ್ತದೆ, ಹಿಂದಕ್ಕೂ ಆಗುತ್ತದೆ. ಚಕ್ರದ ಮುಂದೆ ಇಳಿಜಾರಾಗಿ ಅಗೆದು, ಬೋರ್ಡನ್ನು ಟಯರ್ ಕೆಳಗೆ ಆದಷ್ಟು ಒಳಕ್ಕೆ ತಳ್ಳಬೇಕು. ಸುಮ್ನೆ ಮುಂದೆ ಇಟ್ಟರೆ ಟಯರ್ ಅದನ್ನು ಹಿಂದಕ್ಕೆ ಒದೆಯುತ್ತದೆ. ಜೋರಾಗಿ ಚಕ್ರ ತಿರುಗಿಸಿದರೆ ಅದರ ಹಲ್ಲುಗಳೇ ಕರಗಿಹೋಗುತ್ತವೆ. ಲೋ ಗೇರಿನಲ್ಲಿ ತೆವಳಿಕೊಂಡು ಹತ್ತಿಸಿ.

ಜೊತೆಗೆ ಇನ್ನೊಂದು ಗಾಡಿ ಇರುತ್ತದೆ ಅಂತಾದರೆ ಸ್ನ್ಯಾಚ್ ಸ್ಟ್ರಾಪ್ ಅಥವಾ ಕೈನೆಟಿಕ್ ರೋಪ್. ಜನ ತಪ್ಪು ಮಾಡುವ ಜಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇವೆರಡೂ ನೈಲಾನ್, ಜಗ್ಗುತ್ತವೆ. ಸ್ಟ್ರಾಪ್ ಸುಮಾರು ಶೇ. 20, ರೋಪ್ ಶೇ. 30ರವರೆಗೆ. ಎಳೆಯುವ ಗಾಡಿ ಮೆಲ್ಲಗೆ ಹೊರಟಾಗ ಹಗ್ಗ ರಬ್ಬರಿನಂತೆ ಹಿಗ್ಗಿ ಶಕ್ತಿ ತುಂಬಿಕೊಳ್ಳುತ್ತದೆ, ಆ ಶಕ್ತಿಯಿಂದ ಹೂತ ಗಾಡಿ ಎದ್ದು ಬರುತ್ತದೆ. ಕೆಟ್ಟುನಿಂತ ಗಾಡಿಯನ್ನು ರಸ್ತೆಯಲ್ಲಿ ಎಳೆಯುವ ಟೋ ಸ್ಟ್ರಾಪ್ ನೋಡೋಕೆ ಹೀಗೇ ಇರುತ್ತದೆ, ಆದರೆ ಜಗ್ಗುವುದಿಲ್ಲ. ಅದನ್ನು ಹಾಕಿ ಓಡಿಬಂದು ಎಳೆದರೆ ಏಟೆಲ್ಲ ಕೊಂಡಿಯ ಮೇಲೆ, ಚಾಸಿಯ ಮೇಲೆ. ಉಕ್ಕಿನ ಸರಪಳಿಯಲ್ಲಿ ಹಾಗೆ ಮಾಡುವವರನ್ನು ಕಂಡರೆ ನಾನು ದೂರ ಹೋಗಿ ನಿಲ್ಲುತ್ತೇನೆ.

ಎಷ್ಟು ಬಲಕ್ಕೆ ತುಂಡಾಗುತ್ತದೋ ಆ ಬಲ ಗಾಡಿಯ ತೂಕದ ಎರಡರಿಂದ ಮೂರು ಪಟ್ಟು ಇರುವ ಸ್ಟ್ರಾಪ್ ಆರಿಸಿ. ಎರಡು ಗಾಡಿಗಳಲ್ಲಿ ಹಗುರವಾದದ್ದರ ತೂಕ ಲೆಕ್ಕಕ್ಕೆ ತಗೊಳ್ಳಿ. 2,500 ಕೆ.ಜಿ.ಗೆ 5,000ದಿಂದ 7,500. "ದಪ್ಪ ಇದ್ದಷ್ಟೂ ಒಳ್ಳೇದು" ಅಂತ ಹೋದರೆ ಅದು ಜಗ್ಗುವುದೇ ಇಲ್ಲ, ಟೋ ಸ್ಟ್ರಾಪ್ ಆಗಿಬಿಡುತ್ತದೆ.

ಸ್ಟ್ರಾಪ್ ಸಿಕ್ಕಿಸಲು ಶ್ಯಾಕಲ್ ಬೇಕು. ಉಕ್ಕಿನದಾದರೆ 4.75 ಟನ್ ಅಂತ ಮೈಮೇಲೆ ಅಚ್ಚು ಹಾಕಿರುವ 19 ಮಿ.ಮೀ. ಬೋ ಶ್ಯಾಕಲ್ ಈ ತೂಕದ ಗಾಡಿಗೆ ಸರಿ. ಅಚ್ಚು ಇಲ್ಲದ್ದು ಎಷ್ಟು ಹೊಳೆದರೂ ಬೇಡ. ಪಿನ್ನನ್ನು ಪೂರ್ತಿ ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಎಳೆತಕ್ಕೆ ಕಚ್ಚಿಕೊಂಡು ಬಿಚ್ಚೋಕೆ ಬರುವುದಿಲ್ಲ. ಹಗ್ಗದಲ್ಲೇ ಹೆಣೆದ ಸಾಫ್ಟ್ ಶ್ಯಾಕಲ್ ಹಗುರ, ಹಾರಿ ಬಂದರೂ ಉಕ್ಕಿನಷ್ಟು ಅಪಾಯ ಅಲ್ಲ. ಆದರೆ ಚೂಪು ಅಂಚಿಗೆ ತಾಗಿಸಬೇಡಿ.

ಹೆಜ್ಜೆ 5: ಈಗ ವಿಂಚ್ ಪ್ರಶ್ನೆಗೆ ಬನ್ನಿ

ಮೊದಲ ಹೆಜ್ಜೆಯ ಹಾಳೆ ಮತ್ತೆ ಕೈಗೆ ತಗೊಳ್ಳಿ.

ಒಬ್ಬರೇ ಹೋಗುತ್ತೀರಾ, ದಾರಿಯಲ್ಲಿ ಮರ ಬಂಡೆ ಇರುತ್ತವಾ, ಜಾರುವ ಮಣ್ಣಿನ ಏರು ಜಾಸ್ತಿಯಾ? ಮೂರಕ್ಕೂ ಹೌದು ಅಂದರೆ ವಿಂಚ್ ಹಾಕಿಸಿ, ದುಡ್ಡಿಗೆ ಮೋಸ ಇಲ್ಲ. ಪಕ್ಕದಲ್ಲಿ ಪ್ರಪಾತ ಇರುವ ಇಕ್ಕಟ್ಟು ದಾರಿಯಲ್ಲಂತೂ ವಿಂಚ್‌ಗೆ ಸಾಟಿ ಇಲ್ಲ. ಸ್ನ್ಯಾಚ್ ಸ್ಟ್ರಾಪ್ ಒಂದೇ ಏಟಿಗೆ ಎಳೆಯುತ್ತದೆ, ಗಾಡಿ ಎತ್ತ ವಾಲುತ್ತದೋ ಹೇಳಲಾಗದು. ವಿಂಚ್ ಇಂಚಿಂಚಾಗಿ ಎಳೆಯುತ್ತದೆ, ಬೇಕಾದಲ್ಲಿ ನಿಲ್ಲಿಸಬಹುದು. ದಾರಿಗೆ ಬಿದ್ದ ಮರ ಸರಿಸಲೂ ಆಗುತ್ತದೆ.

ಓಡಾಡುವುದೆಲ್ಲ ಮರಳುಗಾಡು, ಕಡಲ ದಂಡೆ, ಬಯಲು ಅಂತಿದ್ದರೆ ವಿಂಚ್ ಕಟ್ಟುವುದು ಯಾವುದಕ್ಕೆ? ಸ್ಟೆಪ್ನಿಯನ್ನು ಗುಂಡಿ ತೋಡಿ ಹೂತು ಅದಕ್ಕೆ ಕಟ್ಟಬಹುದು, ಹೌದು. ನಾನು ಒಂದು ಸಲ ಮಾಡಿದ್ದೇನೆ. ಎದೆಮಟ್ಟ ಗುಂಡಿ ತೋಡುವಷ್ಟರಲ್ಲಿ ಗಾಡಿಯ ಸುತ್ತ ಎರಡು ಸಲ ಅಗೆದು ಮುಗಿಸಬಹುದಿತ್ತು.

ಯಾವಾಗಲೂ ಗುಂಪಿನಲ್ಲೇ ಹೋಗುವವರಾದರೆ ಮೂರು ನಾಲ್ಕು ಗಾಡಿಗೆ ಒಂದು ವಿಂಚ್ ಸಾಕು. ಕಳೆದ ವರ್ಷ ನಾನು ವಿಂಚ್ ಬಳಸಿದ್ದು ಎರಡು ಸಲ, ಎರಡೂ ಬೇರೆಯವರ ಗಾಡಿಗೆ.

ನಡುವಿನ ದಾರಿಯೂ ಒಂದಿದೆ: ಸನ್ನೆಕೋಲಿನ ಹಾಗೆ ಹಿಡಿ ಆಡಿಸಿ ಎಳೆಯುವ, ತಂತಿಹಗ್ಗದ ಕೈ ವಿಂಚ್. ಬ್ಯಾಟರಿ ಬೇಡ, ಬಂಪರ್ ಬದಲಿಸುವುದು ಬೇಡ, ಮುಂದೆ ಹಿಂದೆ ಪಕ್ಕ ಎಲ್ಲಿ ಬೇಕಾದರೂ ಸಿಕ್ಕಿಸಬಹುದು. ಮೀಟರ್ ಎಳೆಯುವಷ್ಟರಲ್ಲಿ ಬೆವರು ಇಳಿಯುತ್ತದೆ, ಅದೊಂದೇ ತಕರಾರು. ವರ್ಷಕ್ಕೊಮ್ಮೆ ಬೇಕಾಗುವವರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಹೆಜ್ಜೆ 6: ಹಾಕಿಸುವುದೇ ಆದರೆ

ಗಾತ್ರಕ್ಕೆ ಎಲ್ಲರೂ ಹೇಳುವ ಸೂತ್ರ: ತುಂಬಿದ ಗಾಡಿಯ ತೂಕದ ಕನಿಷ್ಠ ಒಂದೂವರೆ ಪಟ್ಟು. 2,500 ಕೆ.ಜಿ.ಗೆ 3,750, ಅಂದರೆ ಮಾರುಕಟ್ಟೆಯಲ್ಲಿ 9,500 ಪೌಂಡ್‌ನದು. ಗಾಡಿ 3,000 ಕೆ.ಜಿ. ದಾಟಿದ್ದರೆ 12,000 ಪೌಂಡ್‌ಗೆ ಹೋಗಿ.

ಅದರ ಜೊತೆಗೇ ಸ್ನ್ಯಾಚ್ ಬ್ಲಾಕ್ ತಗೊಳ್ಳಿ. ಇದು ಬಾವಿಯ ರಾಟೆಯೇ, ಬದಿ ತೆರೆದು ಹಗ್ಗ ಹಾಕಬಹುದು ಅಷ್ಟೇ. ರಾಟೆಯನ್ನು ಮರಕ್ಕೆ ಕಟ್ಟಿ, ಕೇಬಲ್ ಅದರ ಮೂಲಕ ವಾಪಸು ತಂದು ನಿಮ್ಮ ಗಾಡಿಯ ರಿಕವರಿ ಪಾಯಿಂಟ್‌ಗೆ ಸಿಕ್ಕಿಸಿದರೆ ಎಳೆತ ಹೆಚ್ಚುಕಮ್ಮಿ ಎರಡು ಪಟ್ಟು, ವೇಗ ಅರ್ಧ. ಮರದ ಮೇಲೂ ಎರಡು ಪಟ್ಟು ಭಾರ ಬೀಳುತ್ತದೆ, ಅದನ್ನು ಮರೆಯಬೇಡಿ. ಗಟ್ಟಿಯಾದ ಹಸಿ ಮರ ಆರಿಸಿ, ಬುಡದ ಹತ್ತಿರ ಕಟ್ಟಿ. ಕೇಬಲನ್ನೇ ಮರಕ್ಕೆ ಸುತ್ತಿ ಅದರ ಕೊಕ್ಕೆಯನ್ನು ಅದಕ್ಕೇ ಹಾಕಬೇಡಿ. ಮರದ ತೊಗಟೆಯೂ ಹೋಗುತ್ತದೆ, ಕೇಬಲೂ ಹೋಗುತ್ತದೆ. ಅಗಲ ಪಟ್ಟಿಯ ಟ್ರೀ ಸ್ಟ್ರಾಪ್ ಇರುವುದೇ ಅದಕ್ಕೆ.

ಉಕ್ಕಿನ ಕೇಬಲಾ, ಸಿಂಥೆಟಿಕ್ ಹಗ್ಗವಾ? ಉಕ್ಕು ಬಂಡೆಯ ಉಜ್ಜಾಟ, ಬಿಸಿಲು ತಡೆಯುತ್ತದೆ, ಅಗ್ಗ. ಆದರೆ ಭಾರ, ಎಳೆ ಮುರಿದ ತಂತಿಯ ಚೂರು ಅಂಗೈಗೆ ಸೂಜಿಯಂತೆ ಹೊಕ್ಕುತ್ತದೆ, ಹರಿದರೆ ಚಾಟಿಯಂತೆ ಬೀಸಿ ಬರುತ್ತದೆ. ಸಿಂಥೆಟಿಕ್ ಹಗುರ, ನೀರಿನಲ್ಲಿ ತೇಲುತ್ತದೆ, ಹರಿದರೂ ಅಷ್ಟು ಹಾರುವುದಿಲ್ಲ. ಬಿಸಿಲು, ಮರಳು, ಚೂಪು ಕಲ್ಲು ಅದರ ಶತ್ರುಗಳು. ಎರಡೂ ಬಳಸಿದ ಮೇಲೆ ನಾನು ಸಿಂಥೆಟಿಕ್ ಪಕ್ಷ. ಬದಲಿಸುವಾಗ ಮುಂದಿನ ಫೇರ್‌ಲೀಡ್ (ಹಗ್ಗ ಹಾದು ಹೊರಬರುವ ಬಾಯಿ) ಕೂಡ ಬದಲಿಸಿ: ಕೇಬಲ್‌ಗೆ ರೋಲರ್‌ನದು, ಹಗ್ಗಕ್ಕೆ ನಯವಾದ ಅಲ್ಯೂಮಿನಿಯಂನದು. ಕೇಬಲ್ ಉಜ್ಜಿ ಗೀರಾದ ರೋಲರ್ ಹಗ್ಗವನ್ನು ಕೊಯ್ದುಹಾಕುತ್ತದೆ.

ಕರೆಂಟಿನ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪೂರ್ತಿ ಭಾರದಲ್ಲಿ 12 ವೋಲ್ಟ್ ವಿಂಚ್ 400 ಆಂಪಿಯರ್‌ನಷ್ಟು ಎಳೆಯುತ್ತದೆ. ಆಲ್ಟರ್ನೇಟರ್ ಕೊಡುವುದು ಅದರ ಕಾಲು ಭಾಗವೋ ಸ್ವಲ್ಪ ಜಾಸ್ತಿಯೋ. ಉಳಿದದ್ದೆಲ್ಲ ಬ್ಯಾಟರಿಯಿಂದ. ಅದಕ್ಕೇ ಎಂಜಿನ್ ಚಾಲೂ ಇರಬೇಕು, ಅರ್ಧ ಮುಕ್ಕಾಲು ನಿಮಿಷ ಎಳೆದು ಒಂದೆರಡು ನಿಮಿಷ ಬಿಡಬೇಕು. ಹಳೇ ಬ್ಯಾಟರಿ ಇಟ್ಟುಕೊಂಡು ಹೊಸ ವಿಂಚ್ ಹಾಕಿಸಬೇಡಿ.

ಕೊನೆಗೆ ಭಾರ. ಕೇಬಲ್ ಇರುವ ವಿಂಚ್ 35–40 ಕೆ.ಜಿ., ಅದಕ್ಕೆ ಉಕ್ಕಿನ ಬಂಪರ್ ಬೇರೆ. ಎಲ್ಲವೂ ಮುಂದಿನ ಆಕ್ಸಲ್‌ಗಿಂತ ಮುಂದೆ. ಮೂತಿ ತಗ್ಗುತ್ತದೆ, ಹೆಡ್‌ಲೈಟ್ ನೆಲ ನೋಡುತ್ತದೆ, ಸ್ಪ್ರಿಂಗ್ ಬದಲಿಸಬೇಕಾಗಬಹುದು. ಏರ್‌ಬ್ಯಾಗ್ ಇರುವ ಗಾಡಿಗೆ ಅದಕ್ಕೆ ಹೊಂದುವ ಬಂಪರೇ ಬೇಕು. ರೇಡಿಯೇಟರ್‌ಗೆ ಹೋಗುವ ಗಾಳಿಗೆ ಅಡ್ಡ ಬರುತ್ತದಾ ಅನ್ನುವುದನ್ನೂ, ನಿಮ್ಮ ಕಡೆ ಬಂಪರ್ ಬದಲಿಸಲು ನಿಯಮ ಏನಿದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ.

ಹೆಜ್ಜೆ 7: ಕೆಸರಿಗೆ ಹೋಗುವ ಮೊದಲು ಬಯಲಿನಲ್ಲಿ

ಹೊಸ ವಿಂಚ್‌ನ ಹಗ್ಗ ಸಡಿಲವಾಗಿ ಸುತ್ತಿರುತ್ತದೆ. ಹಾಗೇ ಬಳಸಿದರೆ ಮೇಲಿನ ಪದರ ಕೆಳಗಿನದರ ಸಂದಿಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಹಗ್ಗ ಬಿಚ್ಚಿ ಮರಕ್ಕೆ ಕಟ್ಟಿ. ನ್ಯೂಟ್ರಲ್‌ನಲ್ಲಿ, ಒಬ್ಬರು ಬ್ರೇಕ್ ಮೇಲೆ ಕಾಲಿಟ್ಟು ಕೂತಿರುವಾಗ ಗಾಡಿಯನ್ನು ಅದರ ಭಾರದಲ್ಲೇ ಎಳೆಸಿಕೊಳ್ಳಿ. ಹಗ್ಗ ಬಿಗಿಯಾಗಿ, ಸಾಲಾಗಿ ಕೂರುತ್ತದೆ. ಎಳೆಯಲು ಬಿಚ್ಚುವಾಗ ಡ್ರಮ್ ಮೇಲೆ ಉಕ್ಕಿನದು ಕನಿಷ್ಠ 5 ಸುತ್ತು, ಸಿಂಥೆಟಿಕ್ 8ರಿಂದ 10 ಸುತ್ತು ಉಳಿದಿರಲೇಬೇಕು. ತುದಿಯ ಸ್ಕ್ರೂ ಭಾರ ಹೊರುವುದಿಲ್ಲ, ಹೊರುವುದು ಆ ಸುತ್ತುಗಳ ಬಿಗಿತ.

ಕೈಗವಸು ಹಾಕಿಕೊಳ್ಳಿ. ಕೊಕ್ಕೆಯನ್ನು ಅದರ ಪಟ್ಟಿಯಿಂದಲೇ ಹಿಡಿಯಿರಿ, ಬೆರಳು ಫೇರ್‌ಲೀಡ್ ಹತ್ತಿರ ಹೋಗಬಾರದು. ಹಗ್ಗದ ನಡುವೆ ಡ್ಯಾಂಪರ್ (ಹರಿದರೆ ಹಗ್ಗ ಹಾರದಂತೆ ತಡೆಯುವ ಭಾರದ ಹೊದಿಕೆ) ಹೊದಿಸಿ. ಅದು ಇಲ್ಲದಿದ್ದರೆ ಒದ್ದೆ ಕಂಬಳಿಯಾದರೂ ಸರಿ. ಬಿಗಿಯಾದ ಹಗ್ಗ ದಾಟಬೇಡಿ. ನೋಡೋಕೆ ನಿಂತವರನ್ನು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಕಳಿಸಿ, ಮೊಬೈಲ್ ಹಿಡಿದು ಮುಂದೆ ಬರುವವರನ್ನು ಮೊದಲು. ಕೈಸನ್ನೆ ಮಾಡುವವರು ಒಬ್ಬರೇ ಇರಲಿ. ವಿಂಚ್ ಎಳೆಯುತ್ತಿರುವಾಗ ಗಾಡಿಯನ್ನು ಹಿಮ್ಮುಖ ಓಡಿಸಿ ಜಗ್ಗುವುದು, ಜಗ್ಗುವ ಸ್ಟ್ರಾಪನ್ನು ವಿಂಚ್ ಹಗ್ಗಕ್ಕೆ ಸೇರಿಸುವುದು, ಎರಡೂ ಕೂಡದು.

ಮನೆಗೆ ಬಂದ ಮೇಲೆ ಹಗ್ಗವನ್ನು ಪೂರ್ತಿ ಬಿಚ್ಚಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಎಳೆಗಳ ನಡುವೆ ಉಳಿದ ಮರಳು ಒಳಗಿನಿಂದಲೇ ಅರದಂತೆ ಕೊಯ್ಯುತ್ತದೆ. ಒಣಗಿದ ಮೇಲೆ ಉದ್ದಕ್ಕೂ ಎರಡು ಬೆರಳಲ್ಲಿ ಸವರಿಕೊಂಡು ಹೋಗಿ. ಎಲ್ಲಾದರೂ ಗಟ್ಟಿಯಾಗಿ ಗಾಜಿನಂತೆ ಹೊಳೆಯುತ್ತಿದ್ದರೆ ಅಲ್ಲಿ ಶಾಖಕ್ಕೆ ಕರಗಿದೆ ಅಂತ ಅರ್ಥ. ಅಷ್ಟು ಭಾಗ ಕತ್ತರಿಸಿ ಮತ್ತೆ ಹೆಣೆಸಿ, ಇಲ್ಲಾ ಹಗ್ಗವನ್ನೇ ಬದಲಿಸಿ.